ಇಳಿವಯಸ್ಸಿನ ದೃಷ್ಟಿಭ್ರಮೆ: ಮೆದುಳಿನ ರಕ್ತನಾಳ ದೋಷ ಮತ್ತು ಮನೆಯವರ ಹೊಣೆ

ವೃದ್ಧಾಪ್ಯದಲ್ಲಿ ಹೆಸರು ಮರೆಯುವುದು, ಇಟ್ಟ ವಸ್ತುವನ್ನು ಹುಡುಕಾಡುವುದು, ಹೇಳಿದ ಮಾತನ್ನೇ ಮತ್ತೆ ಹೇಳುವುದು ಇವೆಲ್ಲವನ್ನೂ ನಮ್ಮ ಮನೆಗಳು ಬಹುಮಟ್ಟಿಗೆ ಸಹಿಸಿಕೊಳ್ಳುತ್ತವೆ. ‘ವಯಸ್ಸಾಯಿತು, ಅರಳುಮರಳು’ ಎಂಬ ಒಂದೇ ಮಾತಿನಲ್ಲಿ ಎಲ್ಲಕ್ಕೂ ಸಮಾಧಾನ ಕಂಡುಕೊಳ್ಳುತ್ತೇವೆ. ಆದರೆ ಹಿರಿಯರೊಬ್ಬರು ಒಂದು ಸಂಜೆ ಬರಿಯ ಗೋಡೆಯತ್ತ ಬೆರಳು ಮಾಡಿ ‘ಅಲ್ಲಿ ಯಾರೋ ನಿಂತಿದ್ದಾರೆ’ ಎಂದಾಗ ಆ ಸಮಾಧಾನ ಕದಡಿಹೋಗುತ್ತದೆ. ಕೆಲವರು ಇದನ್ನು ಹುಚ್ಚು ಎಂದು ಹೆದರುತ್ತಾರೆ. ಕೆಲವರು ಅಗಲಿದವರ ಆತ್ಮ ಬಂದಿದೆ ಎಂದೋ, ದೈವ ಮುನಿದಿದೆ ಎಂದೋ ತಿಳಿಯುತ್ತಾರೆ. ಇನ್ನು ಕೆಲವರು ನಕ್ಕು ಸುಮ್ಮನಾಗುತ್ತಾರೆ. ಈ ಮೂರರಿಂದಲೂ ಆಗುವ ಹಾನಿ ಒಂದೇ: ಚಿಕಿತ್ಸೆಗೆ ಸಲ್ಲಬೇಕಾದ ದಿನಗಳು ಕಳೆದುಹೋಗುತ್ತವೆ. ಮೆದುಳಿನ ರಕ್ತನಾಳಗಳ ದೋಷದಿಂದ ನೆನಪು, ವಿವೇಚನೆಗಳು ಕುಗ್ಗುತ್ತಿರುವ ಹಿರಿಯರಲ್ಲಿ ಕಾಣಿಸಿಕೊಳ್ಳುವ ಇಂತಹ ದೃಷ್ಟಿಭ್ರಮೆಯ ಕಾರಣಗಳನ್ನೂ ಮನೆಯವರು ಅನುಸರಿಸಬೇಕಾದ ಕ್ರಮವನ್ನೂ ಈ ಸಂಚಿಕೆಯಲ್ಲಿ ತಿಳಿಯೋಣ.

ಮೂರು ಬಗೆಯ ತಪ್ಪು ಅರಿವು

ಮೊದಲು ಮೂರು ಸ್ಥಿತಿಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು. ಹಗ್ಗವನ್ನು ಹಾವೆಂದು ಕಾಣುವುದು ಮೊದಲನೆಯದು. ಇಲ್ಲಿ ವಸ್ತುವೊಂದು ನಿಜವಾಗಿ ಇದೆ, ಅದರ ಗ್ರಹಿಕೆ ಮಾತ್ರ ತಪ್ಪಾಗಿದೆ. ಇದನ್ನು ತಪ್ಪುಗ್ರಹಿಕೆ ಎನ್ನೋಣ. ಹಗ್ಗವೂ ಇಲ್ಲದ ಬರಿಯ ನೆಲದ ಮೇಲೆ ಹಾವನ್ನು ಕಾಣುವುದು ಎರಡನೆಯದು. ಇದೇ ದೃಷ್ಟಿಭ್ರಮೆ. ಏನೂ ಕಾಣದಿದ್ದರೂ ‘ಸೊಸೆ ನನ್ನ ಬಂಗಾರ ಕದ್ದಿದ್ದಾಳೆ’ ಎಂದು ಬಲವಾಗಿ ನಂಬುವುದು ಮೂರನೆಯದು. ಇದು ಮಿಥ್ಯಾನಂಬಿಕೆ. ಒಬ್ಬರಲ್ಲಿಯೇ ಮೂರೂ ಸೇರಿರಬಹುದು. ಆದರೂ ಈ ಭೇದವನ್ನು ತಿಳಿದಿರುವುದು ಉಪಯುಕ್ತ. ಮೊದಲನೆಯದಕ್ಕೆ ಬಹುಪಾಲು ದೀಪ ಮತ್ತು ಕನ್ನಡಕವೇ ಮದ್ದು. ಎರಡನೆಯದಕ್ಕೆ ಕಾರಣದ ಶೋಧನೆ ಆಗಬೇಕು. ಮೂರನೆಯದಕ್ಕೆ ವಾದ ಬೆಳೆಸದ ತಾಳ್ಮೆ ಬೇಕು.

ಕೊಟ್ಟಾರದ ಒಂದು ಮನೆ

ವಿಷಯವನ್ನು ಹತ್ತಿರದಿಂದ ತಿಳಿಯಲು ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಹಾವೇರಿ ಕಡೆಯ ಹಳ್ಳಿಯೊಂದರಿಂದ ಮಗ ನೌಕರಿಗೆಂದು ಮಂಗಳೂರಿಗೆ ಬಂದು ಕೊಟ್ಟಾರದಲ್ಲಿ ನೆಲೆಸಿದ್ದಾನೆ. ತಂದೆ ತೀರಿಕೊಂಡ ಮೇಲೆ ಎಪ್ಪತ್ತಾರು ವರ್ಷದ ತಾಯಿಯನ್ನು ತನ್ನ ಫ್ಲ್ಯಾಟಿಗೆ ಕರೆತಂದಿದ್ದಾನೆ. ತಾಯಿಗೆ ಇಪ್ಪತ್ತು ವರ್ಷಗಳಿಂದ ರಕ್ತದೊತ್ತಡವಿದೆ, ಸಕ್ಕರೆ ಕಾಯಿಲೆಯೂ ಇದೆ. ಎರಡು ವರ್ಷದ ಹಿಂದೆ ಬಲಗೈ ಸ್ವಲ್ಪ ಸೋತು ಒಂದು ದಿನದಲ್ಲಿ ಸರಿಹೋಗಿತ್ತು. ಆಗಿನಿಂದ ಅಡುಗೆಯ ಕ್ರಮ ತಪ್ಪುತ್ತಿದೆ, ನಡಿಗೆ ನಿಧಾನವಾಗಿದೆ. ಆಷಾಢದ ಮಳೆ ಹಿಡಿದ ಮೇಲೆ ಸಂಜೆಯಾದರೆ ಅವರು ಮೂಲೆಯನ್ನೇ ನೋಡುತ್ತ ಕೂರುತ್ತಾರೆ. ‘ಆ ಮೂಲ್ಯಾಗ ಮೂರು ಹುಡುಗ್ರು ಕುಂತಾವ. ಹಸಿದಾವ. ಯಾರೂ ಊಟಕ್ಕ ಹಾಕವಲ್ರಿ’ ಎಂದು ಸೊಸೆಯನ್ನು ಗದರುತ್ತಾರೆ. ಅಲ್ಲಿ ಯಾವ ಮಕ್ಕಳೂ ಇಲ್ಲ.

ಇಲ್ಲಿ ಹಲವು ಸಂಗತಿಗಳು ಒಟ್ಟಿಗೆ ಸೇರಿವೆ. ಐವತ್ತು ವರ್ಷ ಬಾಳಿದ ಮನೆಯಲ್ಲಿ ಕತ್ತಲೆಯಲ್ಲಿಯೂ ದಾರಿ ಕಾಣುತ್ತಿದ್ದ ಜೀವ ಹೊಸ ಮನೆಗೆ ಬಂದಿದೆ. ಹೊರಗೆ ಕಿವಿಗೆ ಬೀಳುವ ಮಾತು ತುಳು. ಮಳೆಗಾಲದ ಮೋಡದಿಂದ ಐದು ಗಂಟೆಗೇ ಒಳಗೆ ಮಬ್ಬು ಕವಿಯುತ್ತದೆ. ಹೆದ್ದಾರಿ 66ರಲ್ಲಿ ಸಾಗುವ ವಾಹನಗಳ ದೀಪ ಕಿಟಕಿಯಿಂದ ಬಿದ್ದು ತೆಂಗಿನ ಗರಿಯ ನೆರಳು ಗೋಡೆಯ ಮೇಲೆ ಓಡುತ್ತದೆ. ಮೊಳೆಗೆ ತೂಗಿದ ರೈನ್‌ಕೋಟು ನಿಂತ ಮನುಷ್ಯನಂತಿದೆ. ಇವೆಲ್ಲ ತಪ್ಪುಗ್ರಹಿಕೆಗೆ ಸಾಮಗ್ರಿಗಳು. ಆದರೆ ಹಸಿದ ಮೂರು ಮಕ್ಕಳು ನೆರಳಿನಿಂದ ಮಾತ್ರ ಹುಟ್ಟಿದವರಲ್ಲ. ಅವರು ಎಲ್ಲಿಂದ ಬಂದರೆಂಬುದನ್ನು ತಿಳಿಯಲು ನೋಟದ ಕ್ರಮವನ್ನೇ ಅರಿಯಬೇಕು.

ಕಾಣುವುದು ಕಣ್ಣೇ, ಮೆದುಳೇ?

ಕಣ್ಣು ಬೆಳಕನ್ನು ಸ್ವೀಕರಿಸಿ ಸಂಕೇತಗಳನ್ನಾಗಿ ಮಾಡಿ ಕಳುಹಿಸುತ್ತದೆ. ಆ ಸಂಕೇತಗಳು ಮೆದುಳಿನ ಒಳಗಿರುವ ಥಲಾಮಸ್ ಎಂಬ ಕೇಂದ್ರದ ಮೂಲಕ ಹಾದು ಮೆದುಳಿನ ಹಿಂಭಾಗದ ಹಾಲೆಯನ್ನು ಸೇರುತ್ತವೆ. ಅಲ್ಲಿಂದ ಮುಂದೆ ಒಂದು ದಾರಿ ‘ಇದು ಏನು, ಯಾರ ಮುಖ’ ಎಂಬುದನ್ನೂ, ಇನ್ನೊಂದು ದಾರಿ ‘ಇದು ಎಲ್ಲಿದೆ, ಎತ್ತ ಚಲಿಸುತ್ತಿದೆ’ ಎಂಬುದನ್ನೂ ನಿರ್ಣಯಿಸುತ್ತದೆ. ಮೆದುಳು ಬಂದ ಸಂಕೇತಗಳನ್ನು ಸುಮ್ಮನೆ ಸ್ವೀಕರಿಸುವುದಿಲ್ಲ. ಹಳೆಯ ಅನುಭವದ ಆಧಾರದಿಂದ ಊಹಿಸಿ, ಕೊರತೆಯಿದ್ದೆಡೆ ತುಂಬಿಕೊಂಡು, ತಪ್ಪಿದ್ದರೆ ತಿದ್ದಿಕೊಂಡು ಚಿತ್ರವನ್ನು ಪೂರ್ಣಗೊಳಿಸುತ್ತದೆ. ಬರುವ ಸಂಕೇತ ದುರ್ಬಲವಾದಾಗ, ಇಲ್ಲವೇ ತಿದ್ದುವ ಶಕ್ತಿ ಕುಗ್ಗಿದಾಗ, ಊಹೆಯೇ ನೋಟವಾಗಿ ನಿಲ್ಲುತ್ತದೆ.

1760ರಲ್ಲಿ ಜಿನೀವಾದ ವಿದ್ವಾಂಸ ಷಾರ್ಲ್ ಬಾನೆ ಎಂಬವನು ತನ್ನ ತಾತನ ಅನುಭವವನ್ನು ದಾಖಲಿಸಿದ. ಕಣ್ಣಿನ ಪೊರೆಯಿಂದ ದೃಷ್ಟಿ ಮಂದವಾಗಿದ್ದ ಆ ವೃದ್ಧನಿಗೆ ಮನುಷ್ಯರು, ಹಕ್ಕಿಗಳು, ಗಾಡಿಗಳು, ಕಟ್ಟಡಗಳು ಕಾಣುತ್ತಿದ್ದವು. ಆತನ ಬುದ್ಧಿ ಮಾತ್ರ ಸ್ವಸ್ಥವಾಗಿತ್ತು. ಅವು ನಿಜವಲ್ಲವೆಂದು ಅವನೇ ಅರಿತಿದ್ದ. ಇಂದಿಗೂ ಕಣ್ಣಿನ ದೋಷದಿಂದ ಬರುವ ಇಂತಹ ಭ್ರಮೆಗೆ ಬಾನೆಯ ಹೆಸರೇ ಇದೆ. 1998ರಲ್ಲಿ ಲಂಡನ್ನಿನ ವೈದ್ಯವಿಜ್ಞಾನಿಗಳು ಇಂತಹವರ ಮೆದುಳನ್ನು ಭ್ರಮೆ ಕಾಣುತ್ತಿರುವಾಗಲೇ ಸ್ಕ್ಯಾನ್ ಮಾಡಿ ಪರೀಕ್ಷಿಸಿದರು. ಬಣ್ಣದ ಭ್ರಮೆ ಕಾಣುವವರಲ್ಲಿ ಬಣ್ಣವನ್ನು ಗುರುತಿಸುವ ಭಾಗ, ಮುಖದ ಭ್ರಮೆ ಕಾಣುವವರಲ್ಲಿ ಮುಖವನ್ನು ಗುರುತಿಸುವ ಭಾಗ ಚುರುಕಾಗಿದ್ದುದು ತಿಳಿದುಬಂದಿತು. ಎಂದರೆ, ಕಂಡವರು ಸುಳ್ಳು ಹೇಳುತ್ತಿಲ್ಲ. ಅವರ ಮೆದುಳಿನ ಮಟ್ಟಿಗೆ ಅದು ನಿಜವಾದ ನೋಟವೇ. ‘ಅಲ್ಲಿ ಏನೂ ಇಲ್ಲ, ಸುಮ್ಮನಿರು’ ಎಂಬ ಗದರಿಕೆ ಏಕೆ ಕೆಲಸ ಮಾಡುವುದಿಲ್ಲ ಎಂಬುದಕ್ಕೆ ಇದೇ ಉತ್ತರ.

ರಕ್ತನಾಳದಿಂದ ಬರುವ ಮರೆವು

ನಮ್ಮ ದೇಹದ ತೂಕದಲ್ಲಿ ಮೆದುಳಿನ ಪಾಲು ನೂರಕ್ಕೆ 2ರಷ್ಟು ಮಾತ್ರ. ಆದರೆ ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು 20ರಷ್ಟು ಪಾಲು ಮೆದುಳಿನದೇ. ಇಷ್ಟು ಹಸಿವುಳ್ಳ ಅಂಗಕ್ಕೆ ರಕ್ತವನ್ನು ಒಯ್ಯುವ ನಾಳಗಳು ಹಾಳಾದರೆ ಅದು ಬೇಗನೆ ಬಾಧೆಗೊಳ್ಳುತ್ತದೆ. ಬಹುಕಾಲದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ತಂಬಾಕು, ಹೃದಯದ ಲಯದ ದೋಷ ಇವು ನಾಳಗಳನ್ನು ಕೆಡಿಸುವ ಮುಖ್ಯ ಕಾರಣಗಳು. ದೊಡ್ಡ ನಾಳ ಮುಚ್ಚಿದರೆ ಎಲ್ಲರೂ ಗುರುತಿಸುವ ಲಕ್ವ ಆಗುತ್ತದೆ. ಕೂದಲಿನಷ್ಟು ಸಣ್ಣ ನಾಳಗಳು ಒಂದೊಂದಾಗಿ ಮುಚ್ಚಿದರೆ ಹೊರಗೆ ಏನೂ ತಿಳಿಯದು. ಒಳಗೆ ಸಣ್ಣ ಸಣ್ಣ ಗಾಯಗಳಾಗಿ, ಮೆದುಳಿನ ಒಂದು ಭಾಗವನ್ನು ಇನ್ನೊಂದಕ್ಕೆ ಜೋಡಿಸುವ ನರತಂತುಗಳು ಸವೆಯುತ್ತವೆ. ಇದರಿಂದ ಬರುವ ಬುದ್ಧಿಕ್ಷೀಣತೆಯನ್ನು ವೈದ್ಯರು ವ್ಯಾಸ್ಕ್ಯುಲರ್ ಡಿಮೆನ್ಷಿಯಾ ಎನ್ನುತ್ತಾರೆ.

ಆಲ್ಝೈಮರ್ ರೋಗದಲ್ಲಿ ಸಾಮಾನ್ಯವಾಗಿ ಹೊಸ ನೆನಪು ಮೊದಲು ಅಳಿಯುತ್ತದೆ. ರಕ್ತನಾಳದ ತೊಂದರೆಯಲ್ಲಿ ಯೋಚನೆಯ ನಿಧಾನ, ಕೆಲಸದ ಕ್ರಮ ತಪ್ಪುವುದು, ಉತ್ಸಾಹ ಕುಂದುವುದು, ಹೆಜ್ಜೆ ಚಿಕ್ಕದಾಗುವುದು, ಮೂತ್ರದ ಹತೋಟಿ ತಪ್ಪುವುದು ಬೇಗ ಕಾಣಿಸಬಹುದು. ಕೆಲವರಲ್ಲಿ ಮೆಟ್ಟಿಲು ಇಳಿದಂತೆ ಒಮ್ಮೆಲೇ ಕುಸಿದು, ಕೆಲಕಾಲ ಹಾಗೆಯೇ ನಿಂತು, ಮತ್ತೆ ಕುಸಿಯುವುದುಂಟು. ಅನೇಕ ವೃದ್ಧರಲ್ಲಿ ಎರಡೂ ರೋಗಗಳು ಕೂಡಿಯೇ ಇರುತ್ತವೆ.

ಭಾರತದಲ್ಲಿ 60 ವರ್ಷ ಮೀರಿದವರ ಪೈಕಿ ನೂರಕ್ಕೆ 7.4ರಷ್ಟು ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿದೆ. ಪುರುಷರಿಗಿಂತ ಸ್ತ್ರೀಯರಲ್ಲಿ, ನಗರಕ್ಕಿಂತ ಗ್ರಾಮಗಳಲ್ಲಿ ಇದರ ಪ್ರಮಾಣ ಹೆಚ್ಚೆಂದೂ ಅದು ತಿಳಿಸಿದೆ. ನಮ್ಮ ರಾಜ್ಯದಲ್ಲಿಯೇ, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನ ಕೇಂದ್ರವು ಗ್ರಾಮೀಣರ ಮೆದುಳಿನ ಮುಪ್ಪನ್ನು ವರ್ಷದಿಂದ ವರ್ಷಕ್ಕೆ ಅಭ್ಯಾಸ ಮಾಡುತ್ತಿದೆ.

ಭ್ರಮೆ ಹುಟ್ಟುವ ದಾರಿಗಳು

ರಕ್ತನಾಳದ ದೋಷವಿರುವವರಲ್ಲಿ ದೃಷ್ಟಿಭ್ರಮೆ ಹಲವು ದಾರಿಗಳಿಂದ ಬರಬಹುದು.

ಒಂದು: ಮೆದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ನಾಳ ಮುಚ್ಚಿದರೆ ನೋಟದ ಎಡ ಅಥವಾ ಬಲ ಅರ್ಧಭಾಗ ಕಾಣದಂತಾಗುತ್ತದೆ. ಹಾಗೆ ಕುರುಡಾದ ಪಕ್ಕದಲ್ಲಿಯೇ ಚಿತ್ರಗಳು, ಮುಖಗಳು ಮೂಡಬಹುದು. ತಟ್ಟೆಯ ಒಂದು ಬದಿಯ ಅನ್ನವನ್ನು ಮಾತ್ರ ಉಂಡು ಏಳುವುದು, ಬಾಗಿಲಿನ ಒಂದೇ ಚೌಕಟ್ಟಿಗೆ ಮೈ ತಾಗಿಸಿಕೊಳ್ಳುವುದು ಇದರ ಗುರುತುಗಳಾಗಿರಬಹುದು.

ಎರಡು: ಮೆದುಳಿನ ಕಾಂಡ ಮತ್ತು ಥಲಾಮಸ್ ಭಾಗದ ಸಣ್ಣ ಗಾಯ. 1922ರಲ್ಲಿ ಫ್ರಾನ್ಸಿನ ನರವೈದ್ಯ ಲೆರ್ಮಿಟ್ ವೃದ್ಧೆಯೊಬ್ಬಳ ವಿಷಯವನ್ನು ವರದಿ ಮಾಡಿದ. ಆಕೆಗೆ ಸಂಜೆಯ ಹೊತ್ತಿನಲ್ಲಿ ಕೋಣೆಯೊಳಗೆ ಪ್ರಾಣಿಗಳು ಕಾಣುತ್ತಿದ್ದವು. ನಿದ್ರೆ ಎಚ್ಚರಗಳನ್ನು ನಡೆಸುವ ಕೇಂದ್ರಗಳು ಈ ಭಾಗದಲ್ಲಿವೆ. ಅವು ಕೆಟ್ಟರೆ ಕನಸಿನ ಚಿತ್ರ ಎಚ್ಚರದೊಳಗೆ ನುಸುಳುತ್ತದೆ.

ಮೂರು: ನರತಂತುಗಳ ಸವೆತ. ಊಹೆಯನ್ನು ತಿದ್ದಬೇಕಾದ ಮುಂಭಾಗದ ಹಾಲೆಗೂ ಚಿತ್ರವನ್ನು ಕಟ್ಟುವ ಹಿಂಭಾಗಕ್ಕೂ ಸಂಪರ್ಕ ಕಡಿದರೆ ‘ಇದು ನಿಜವಲ್ಲ’ ಎಂದು ಎಚ್ಚರಿಸುವವರು ಒಳಗೆ ಯಾರೂ ಇರುವುದಿಲ್ಲ.

ನಾಲ್ಕು: ಇವುಗಳ ಮೇಲೆ ಕಣ್ಣಿನ ಪೊರೆ, ಗ್ಲಾಕೋಮಾ, ಸಕ್ಕರೆ ಕಾಯಿಲೆಯಿಂದಾದ ಅಕ್ಷಿಪಟಲದ ಹಾನಿ ಸೇರಿದರೆ ಭ್ರಮೆ ಇನ್ನಷ್ಟು ಸುಲಭವಾಗಿ ಬರುತ್ತದೆ.

ಇಷ್ಟಾದರೂ ಒಂದು ಮಾತನ್ನು ವಾಚಕರು ಮುಖ್ಯವಾಗಿ ನೆನಪಿಡಬೇಕು. ರಕ್ತನಾಳದ ಡಿಮೆನ್ಷಿಯಾದಲ್ಲಿ ದೃಷ್ಟಿಭ್ರಮೆ ಬರಬಹುದಾದರೂ ಅದು ಆ ರೋಗದ ಪ್ರಧಾನ ಲಕ್ಷಣವಲ್ಲ. ಆದ್ದರಿಂದ ಭ್ರಮೆ ಹೊಸದಾಗಿ ಕಾಣಿಸಿಕೊಂಡಾಗ ‘ಹೇಗೂ ಮರೆವಿನ ಕಾಯಿಲೆ ಇದೆಯಲ್ಲ’ ಎಂದು ಸುಮ್ಮನಿರಬಾರದು. ಅದರ ಹಿಂದೆ ಬೇರೊಂದು, ಹಲವು ಬಾರಿ ಗುಣಪಡಿಸಬಹುದಾದ, ಕಾರಣ ಅಡಗಿರಬಹುದು.

ಎಷ್ಟು ದಿನಗಳಿಂದ?

ಮನೆಯವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಭ್ರಮೆ ಕೆಲವು ಗಂಟೆಗಳಲ್ಲಿ ಅಥವಾ ಎರಡು ಮೂರು ದಿನಗಳಲ್ಲಿ ಆರಂಭವಾಗಿ, ಹಿರಿಯರು ಒಮ್ಮೆ ಮಂಕಾಗಿ ಒಮ್ಮೆ ಉದ್ರಿಕ್ತರಾಗಿ, ಮಾತಿನ ಮೇಲೆ ಗಮನ ನಿಲ್ಲದೆ, ಹಗಲು ಮಲಗಿ ರಾತ್ರಿ ಎಚ್ಚರವಿದ್ದರೆ, ಅದು ಸನ್ನಿಯಾಗಿರುವ ಸಂಭವ ಹೆಚ್ಚು. ವೈದ್ಯರು ಇದನ್ನು ಡೆಲಿರಿಯಂ ಎನ್ನುತ್ತಾರೆ. ಮೊದಲೇ ಬಲಗುಂದಿದ ಮೆದುಳಿಗೆ ಸಣ್ಣ ಹೊಡೆತವೂ ಸಾಕು. ಮೂತ್ರದ ಸೋಂಕು, ಕಫ ಕಟ್ಟಿದ ಪುಪ್ಪುಸ, ನಿರ್ಜಲತೆ, ವಾರದಿಂದ ಕಟ್ಟಿದ ಮಲ, ಹೊರಬಾರದ ಮೂತ್ರ, ತೀರ ಇಳಿದ ಅಥವಾ ಏರಿದ ಸಕ್ಕರೆ, ರಕ್ತದಲ್ಲಿ ಸೋಡಿಯಂ ಇಳಿತ ಇವು ಸಾಮಾನ್ಯ ಕಾರಣಗಳು. ವೃದ್ಧರಲ್ಲಿ ಸೋಂಕಿದ್ದರೂ ಜ್ವರ ಬಾರದೆ ಇರಬಹುದು. ಕೆಲವು ವಾರಗಳ ಹಿಂದೆ ಬಚ್ಚಲಲ್ಲಿ ಜಾರಿಬಿದ್ದು ತಲೆಗೆ ಪೆಟ್ಟಾಗಿದ್ದರೆ ಮೆದುಳಿನ ಹೊದಿಕೆಯ ಕೆಳಗೆ ರಕ್ತ ನಿಧಾನವಾಗಿ ಶೇಖರವಾಗಿರಬಹುದು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಸೇವಿಸುವವರಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಎರಡನೆಯ ಪ್ರಶ್ನೆ: ಹೊಸದಾಗಿ ಸೇರಿದ ಔಷಧ ಯಾವುದು? ನೆಗಡಿಗೆಂದು ಅಂಗಡಿಯಿಂದ ತಂದ ಕ್ಲೋರ್‌ಫೆನಿರಮಿನ್ ಬೆರೆತ ಮಾತ್ರೆ, ನಿದ್ದೆಯ ಮಾತ್ರೆ, ಮೂತ್ರ ತಡೆಯಲೆಂದು ಕೊಟ್ಟ ಆಕ್ಸಿಬ್ಯುಟಿನಿನ್, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ಪಾರ್ಕಿನ್ಸನ್ ರೋಗದ ಕೆಲವು ಔಷಧಗಳು ಇವೆಲ್ಲ ವೃದ್ಧರಲ್ಲಿ ಭ್ರಮೆಯನ್ನು ಹುಟ್ಟಿಸಬಲ್ಲವು. ಪ್ರತಿದಿನ ಮದ್ಯ ಸೇವಿಸುತ್ತಿದ್ದವರು ಥಟ್ಟನೆ ನಿಲ್ಲಿಸಿದರೂ ಎರಡು ಮೂರು ದಿನಗಳಲ್ಲಿ ಭಯಾನಕ ಭ್ರಮೆ ಬರಬಹುದು.

ನಾವು ಕಲ್ಪಿಸಿಕೊಂಡ ಮನೆಯಲ್ಲಿ ಮಳೆಗಾಲದ ನೆಗಡಿಗೆಂದು ತಾಯಿಗೆ ಹತ್ತು ದಿನದಿಂದ ರಾತ್ರಿಯೊಂದು ಮಾತ್ರೆ ಸಲ್ಲುತ್ತಿತ್ತೆಂದು ಇಟ್ಟುಕೊಳ್ಳೋಣ. ಎರಡೂ ಕಣ್ಣಿನಲ್ಲಿ ಪೊರೆ ಇದೆ, ಮಲಬದ್ಧತೆಯೂ ಇದೆ. ಮಾತ್ರೆಯನ್ನು ವೈದ್ಯರ ಸಲಹೆಯಂತೆ ನಿಲ್ಲಿಸಿ, ಹೊಟ್ಟೆ ಸರಿಪಡಿಸಿ, ದೀಪ ಬದಲಿಸಿದರೆ ಮೂವರು ಮಕ್ಕಳು ಬರುವುದು ನಿಲ್ಲಬಹುದು, ಅಥವಾ ಅಪರೂಪವಾಗಬಹುದು. ಆದರೆ ‘ಹಿರಿಯರ ಆತ್ಮ ಬಂದಿದೆ’ ಎಂದು ಶಾಂತಿಕಾರ್ಯದಲ್ಲಿ ಒಂದು ತಿಂಗಳು ಕಳೆದರೆ, ಅಷ್ಟು ಕಾಲವೂ ಆ ಮಾತ್ರೆ ಅವರೊಳಗೆ ಇಳಿಯುತ್ತಲೇ ಇರುತ್ತದೆ. ತುಳುನಾಡಿನಲ್ಲಿ ಆಟಿ ತಿಂಗಳಲ್ಲಿ ಅಗಲಿದವರಿಗೆ ಎಡೆ ಬಡಿಸುವ ರೂಢಿಯಿದೆ. ಅದು ಹಿರಿಯರ ಸ್ಮರಣೆ. ಅದನ್ನು ಅಲ್ಲಗಳೆಯಬೇಕಾಗಿಲ್ಲ. ಸ್ಮರಣೆ ಅದರ ಸ್ಥಾನದಲ್ಲಿರಲಿ, ಮೂತ್ರಪರೀಕ್ಷೆ ಅದೇ ದಿನ ಆಗಲಿ.

ಹೋಲುವ ಇತರ ರೋಗಗಳು

ಹಿರಿಯರಿಗೆ ಮನುಷ್ಯರು, ಮಕ್ಕಳು, ಪ್ರಾಣಿಗಳು ತಿಂಗಳುಗಳ ಕಾಲ ಸ್ಪಷ್ಟವಾಗಿ ಮತ್ತೆ ಮತ್ತೆ ಕಾಣುತ್ತಿದ್ದು, ಅದರೊಂದಿಗೆ ಕೈಕಾಲು ಬಿಗಿತ, ನಡಿಗೆಯ ನಿಧಾನ, ಒಂದು ದಿನ ಚುರುಕು ಮತ್ತೊಂದು ದಿನ ಮಂಕು, ನಿದ್ದೆಯಲ್ಲಿ ಕೂಗಿ ಕೈಕಾಲು ಬೀಸುವ ಅಭ್ಯಾಸ ಇವು ಇದ್ದರೆ, ಲ್ಯೂಯಿ ಬಾಡಿ ಡಿಮೆನ್ಷಿಯಾ ಎಂಬ ಬೇರೆಯೇ ರೋಗವನ್ನು ವೈದ್ಯರು ಶಂಕಿಸುತ್ತಾರೆ. ಈ ಭೇದ ಜೀವದ ಪ್ರಶ್ನೆಯಾಗಿದೆ. ಉದ್ರೇಕವನ್ನು ತಗ್ಗಿಸಲು ಸಾಮಾನ್ಯವಾಗಿ ಕೊಡುವ ಹ್ಯಾಲೊಪೆರಿಡಾಲ್‌ನಂತಹ ಔಷಧವು ಈ ರೋಗಿಗಳಲ್ಲಿ ತೀವ್ರ ಬಿಗಿತವನ್ನೂ ಪ್ರಾಣಾಪಾಯವನ್ನೂ ತರಬಹುದು.

ಬಣ್ಣದ ಚುಕ್ಕೆ, ವೃತ್ತಗಳು ಕೆಲವು ಸೆಕೆಂಡುಗಳಿಂದ ಒಂದೆರಡು ನಿಮಿಷಗಳವರೆಗೆ ಪ್ರತಿಸಲವೂ ಒಂದೇ ರೀತಿ ಕಂಡು ಮಾಯವಾದರೆ ಅದು ಮೆದುಳಿನ ಹಿಂಭಾಗದ ಅಪಸ್ಮಾರವಿರಬಹುದು. ಇದಕ್ಕೆ ಬೇರೆ ಔಷಧವಿದೆ.

ಹಠಾತ್ತನೆ ಭ್ರಮೆಯೊಂದಿಗೆ ಒಂದು ಬದಿಯ ನೋಟ ಹೋದರೆ, ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಅದು ಲಕ್ವ. ನಾಳದ ತಡೆಯನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಜೋರು ಮಳೆಗೆ ಕೊಟ್ಟಾರ ಚೌಕಿಯಲ್ಲಿ ನೀರು ನಿಂತು ವಾಹನಗಳು ಸಿಲುಕುವುದನ್ನು ಅಲ್ಲಿನವರು ಬಲ್ಲರು. ಬೆಳಗಾಗಲೆಂದು ಕಾಯದೆ ತಕ್ಷಣ 108ಕ್ಕೆ ಕರೆ ಮಾಡಬೇಕು. ಸ್ಕ್ಯಾನ್ ಸೌಲಭ್ಯವುಳ್ಳ ಆಸ್ಪತ್ರೆ ಯಾವುದು, ಮಳೆಯಲ್ಲಿ ಅದಕ್ಕೆ ಯಾವ ದಾರಿ ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು.

ವೈದ್ಯರ ಬಳಿಗೆ ಹೋಗುವ ಮುನ್ನ

ಒಂದು ಚಿಕ್ಕ ಪುಸ್ತಕದಲ್ಲಿ ಒಂದು ವಾರ ಇಷ್ಟನ್ನು ಬರೆದಿಡಿ: ಏನು ಕಂಡರು, ಎಷ್ಟು ಗಂಟೆಗೆ, ಎಷ್ಟು ಹೊತ್ತು, ಆಗ ಬೆಳಕು ಹೇಗಿತ್ತು, ಹೆದರಿದರೋ ಇಲ್ಲವೋ, ಹಿಂದಿನ ರಾತ್ರಿಯ ನಿದ್ದೆ, ಅಂದಿನ ಮಲಮೂತ್ರ ಮತ್ತು ಆಹಾರ. ಮನೆಯಲ್ಲಿರುವ ಎಲ್ಲ ಔಷಧಗಳನ್ನೂ, ಆಯುರ್ವೇದದ್ದಿರಲಿ ಅಂಗಡಿಯದ್ದಿರಲಿ, ಒಂದು ಚೀಲದಲ್ಲಿ ಹಾಕಿ ಒಯ್ಯಿರಿ. ಹಠಾತ್ ಲಕ್ಷಣಗಳಿದ್ದರೆ ಮಾತ್ರ ಪುಸ್ತಕಕ್ಕಾಗಿ ಕಾಯಬೇಡಿ.

ವೈದ್ಯರು ಮೂತ್ರ, ರಕ್ತದ ಸಕ್ಕರೆ, ಸೋಡಿಯಂ, ಮೂತ್ರಪಿಂಡ, ಥೈರಾಯ್ಡ್, ವಿಟಮಿನ್ ಬಿ12 ಪರೀಕ್ಷೆಗಳನ್ನೂ, ಅಗತ್ಯವಿದ್ದರೆ ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನನ್ನೂ ಹೇಳುತ್ತಾರೆ. ಬಿ12 ಕುರಿತು ಒಂದು ವಿಶೇಷ ಸೂಚನೆ. ಈ ಜೀವಸತ್ವ ಸಸ್ಯಾಹಾರದಲ್ಲಿ ಹಾಲು ಮೊಸರುಗಳ ಮೂಲಕವೇ ಮುಖ್ಯವಾಗಿ ದೊರೆಯುತ್ತದೆ. ಸಕ್ಕರೆ ಕಾಯಿಲೆಗೆ ಬಹುಕಾಲ ಮೆಟ್‌ಫಾರ್ಮಿನ್ ಸೇವಿಸಿದರೆ ಅದರ ಹೀರಿಕೆ ತಗ್ಗುತ್ತದೆ. ಆದ್ದರಿಂದ ಶುದ್ಧ ಶಾಕಾಹಾರಿಗಳಾದ ನಮ್ಮ ಹಿರಿಯರಲ್ಲಿ ಇದರ ಕೊರತೆ ಇದೆಯೇ ಎಂದು ನೋಡಿಸುವುದು ಒಳ್ಳೆಯದು. ಕೊರತೆಯಿದ್ದರೆ ಚಿಕಿತ್ಸೆ ಸುಲಭ. ಕಣ್ಣಿನ ವೈದ್ಯರ ಭೇಟಿಯೂ ಇದರಷ್ಟೇ ಮುಖ್ಯ.

ಮಂಗಳೂರಿನವರಿಗೆ 1848ರಲ್ಲಿ ಆರಂಭವಾದ ಜಿಲ್ಲಾ ವೆನ್ಲಾಕ್ ಆಸ್ಪತ್ರೆ ಇದೆ. ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳೂ ಇವೆ. ಬೆಂಗಳೂರಿನ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಕೂಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್ಕುಗಳನ್ನು ತೆರೆಯುವ ಕಾರ್ಯ ಕೈಗೊಂಡಿವೆ. ಹತ್ತಿರದ ಜಿಲ್ಲಾ ಆಸ್ಪತ್ರೆಯಲ್ಲಿ ಈ ಬಗ್ಗೆ ವಿಚಾರಿಸಿರಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಕರೆ ಮಾಡಿ ಕನ್ನಡದಲ್ಲಿಯೇ ಉಚಿತವಾಗಿ ಸಲಹೆ ಪಡೆಯಬಹುದು.

ಮಾತು ಹೇಗಿರಬೇಕು?

ಹಿರಿಯರು ಇಲ್ಲದ್ದನ್ನು ಕಂಡಾಗ ಮನೆಯವರು ಸಾಮಾನ್ಯವಾಗಿ ಎರಡು ತಪ್ಪು ಮಾಡುತ್ತಾರೆ. ಒಂದು, ಗಟ್ಟಿಯಾಗಿ ಅಲ್ಲಗಳೆಯುವುದು. ಇದರಿಂದ ಹಿರಿಯರು ಅವಮಾನಗೊಂಡು, ಮುಂದೆ ಕಂಡದ್ದನ್ನು ಹೇಳದೆ ಬಚ್ಚಿಡುತ್ತಾರೆ. ಇನ್ನೊಂದು, ಕಂಡಂತೆ ನಟಿಸುವುದು. ಇದರಿಂದ ಭ್ರಮೆಗೆ ಸಾಕ್ಷಿ ದೊರೆತಂತಾಗುತ್ತದೆ. ಇವೆರಡರ ನಡುವಿನ ಹಾದಿ ಲೇಸು. ದೃಶ್ಯದ ಕುರಿತು ವಾದ ಬೇಡ, ಅದರ ಹಿಂದಿನ ಭಾವಕ್ಕೆ ಉತ್ತರ ಕೊಡಬೇಕು.

ಹಸಿದ ಮಕ್ಕಳನ್ನು ಕಂಡ ತಾಯಿಗೆ ಮಗ ಹೀಗೆ ಹೇಳಬಹುದು: ‘ಅವ್ವಾ, ನನಗ ಕಾಣವಲ್ದು. ಆದ್ರ ನಿನಗ ಭಾಳ ಚಿಂತಿ ಆಗೇತಿ, ಗೊತ್ತಾತು. ನಮ್ಮ ಮನಿಯಾಗ ಯಾರನ್ನೂ ಉಪವಾಸ ಇಡೂದಿಲ್ಲ. ಬಾ, ಇತ್ತಾಗ ಬೆಳಕಿನಾಗ ಕೂಡೋಣು.’ ಇಲ್ಲಿ ಸುಳ್ಳಿಲ್ಲ, ಗದರಿಕೆಯೂ ಇಲ್ಲ. ಜೀವಮಾನವೆಲ್ಲ ಬಂದವರಿಗೆ ಉಣಬಡಿಸಿದ ಆ ತಾಯಿಯ ದಾಸೋಹಬುದ್ಧಿಗೆ ಮನ್ನಣೆಯೂ ಸಂದಿತು. ಬಳಿಕ ಕೈ ಹಿಡಿದು ಬೇರೆ ಕೋಣೆಗೆ ಕರೆದೊಯ್ದು, ಅವರೆಬಳ್ಳಿ ಬಿಡಿಸುವುದೋ ಬತ್ತಿ ಹೊಸೆಯುವುದೋ ಕೈಗೆ ಪರಿಚಿತವಾದ ಒಂದು ಕೆಲಸ ಕೊಡಬೇಕು. ದೃಶ್ಯ ಹಲವು ಬಾರಿ ಅಷ್ಟರಲ್ಲಿಯೇ ಕರಗಿಹೋಗುತ್ತದೆ.

ಭ್ರಮೆ ಅವರನ್ನು ಹೆದರಿಸದಿದ್ದರೆ, ಉದಾಹರಣೆಗೆ ತೀರಿಕೊಂಡ ಪತಿ ಕುರ್ಚಿಯಲ್ಲಿ ಕುಳಿತಂತೆ ಕಂಡು ಅವರಿಗೆ ಸಮಾಧಾನವೇ ಆಗುತ್ತಿದ್ದರೆ, ಕಾರಣಗಳ ತಪಾಸಣೆ ಮುಗಿದ ಮೇಲೆ ಅದನ್ನು ಹೋಗಲಾಡಿಸಲೇಬೇಕೆಂಬ ಆತುರ ಬೇಡ.

ಮನೆಯ ಬೆಳಕು, ಮನೆಯ ಕ್ರಮ

ಸೂರ್ಯ ಮುಳುಗುವ ಅರ್ಧ ಗಂಟೆ ಮುಂಚೆಯೇ ದೀಪ ಹಚ್ಚಿರಿ. ಮೂಲೆಗಳಲ್ಲಿ ನೆರಳು ಉಳಿಯದಂತೆ ಎರಡು ಕಡೆಯಿಂದ ಬೆಳಕಿರಲಿ. ಕಿಟಕಿಗೆ ದಪ್ಪ ಪರದೆ ಎಳೆಯಿರಿ. ರಾತ್ರಿ ಕಿಟಕಿಯ ಗಾಜು ಕನ್ನಡಿಯಾಗುತ್ತದೆ. ತಮ್ಮದೇ ಪ್ರತಿಬಿಂಬವನ್ನು ಅಪರಿಚಿತರೆಂದು ಭಾವಿಸುವವರಿದ್ದಾರೆ. ಅಂತಹವರ ಕೋಣೆಯ ಕನ್ನಡಿಗೆ ಬಟ್ಟೆ ಹೊದಿಸಿರಿ. ರೈನ್‌ಕೋಟು, ಕೊಡೆ, ಅಂಗಿಗಳನ್ನು ಕಪಾಟಿನೊಳಗಿಡಿ. ಕನ್ನಡಕ ಒರೆಸಿ ಹಾಕಿಸಿರಿ, ಶ್ರವಣಯಂತ್ರದ ಬ್ಯಾಟರಿ ನೋಡಿರಿ. ಟಿ.ವಿ.ಯಲ್ಲಿ ಜಗಳದ ಧಾರಾವಾಹಿ ನಡೆಯುತ್ತಿದ್ದರೆ ಅದು ತಮ್ಮ ಮನೆಯಲ್ಲಿಯೇ ನಡೆಯುತ್ತಿದೆಯೆಂದು ಅವರಿಗೆ ತೋರಬಹುದು. ಆದ್ದರಿಂದ ಸಂಜೆ ಅದನ್ನು ನಿಲ್ಲಿಸಿರಿ. ಬಚ್ಚಲಿನ ದಾರಿಯಲ್ಲಿ ರಾತ್ರಿಯೆಲ್ಲ ಸಣ್ಣ ದೀಪವಿರಲಿ. ವಿದ್ಯುತ್ತು ಹೋದಾಗ ಉರಿಯುವ ದೀಪವೊಂದು ಸಿದ್ಧವಿರಲಿ.

ಬೆಳಗಿನ ಬಿಸಿಲಿನಲ್ಲಿ ಸ್ವಲ್ಪ ಹೊತ್ತು ಕೂರಿಸುವುದು, ಹಗಲಿನ ನಿದ್ದೆಯನ್ನು ಮಿತಗೊಳಿಸುವುದು ರಾತ್ರಿಯ ನಿದ್ದೆಗೆ ಸಹಾಯಕ. ನಿತ್ಯದ ಸ್ನಾನ, ವಿಭೂತಿ, ಇಷ್ಟಲಿಂಗಪೂಜೆಗಳನ್ನು ನೆನಪು ಕುಂದಿದರೆಂಬ ಕಾರಣಕ್ಕೆ ತಪ್ಪಿಸಬೇಡಿ. ಮನಸ್ಸು ಮರೆತದ್ದನ್ನು ಕೈ ಬಹುಕಾಲ ನೆನಪಿಟ್ಟುಕೊಂಡಿರುತ್ತದೆ, ಆ ಕ್ರಮವೇ ಅವರಿಗೆ ದಿನದ ಆಧಾರ. ದೀಪ, ಕರ್ಪೂರಗಳ ಬಳಿ ಮಾತ್ರ ಒಬ್ಬರು ಜೊತೆಗಿರಬೇಕು. ಭ್ರಮೆಯಿಂದ ಹೆದರಿ ಆತ್ಮರಕ್ಷಣೆಗೆ ಕೈಗೆ ಸಿಕ್ಕಿದ್ದನ್ನು ಎತ್ತಿಕೊಳ್ಳುವವರ ಮನೆಯಲ್ಲಿ ಕತ್ತಿ, ಈಳಿಗೆಗಳನ್ನು ಒಳಗಿಡಿ. ಮಹಡಿಯ ಬಾಗಿಲಿಗೂ ಗ್ಯಾಸಿಗೂ ಭದ್ರತೆ ಇರಲಿ.

ಔಷಧದ ಮಿತಿ

ಭ್ರಮೆಯನ್ನು ತಡೆಯುವ ಮನೋರೋಗದ ಔಷಧಗಳನ್ನು ಡಿಮೆನ್ಷಿಯಾ ಇರುವ ವೃದ್ಧರಿಗೆ ಕೊಡುವುದರಲ್ಲಿ ಅಪಾಯವಿದೆ. ಅವುಗಳಿಂದ ಮರಣದ ಸಂಭವ ಹೆಚ್ಚುತ್ತದೆಯೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿ ಹೊಸ ಬಗೆಯ ಔಷಧಗಳ ಕುರಿತೂ, 2008ರಲ್ಲಿ ಹಳೆಯ ಬಗೆಯವುಗಳ ಕುರಿತೂ ಎಚ್ಚರಿಕೆ ನೀಡಿತು. ಲಕ್ವದ ಭಯವೂ ಇದೆ. ಹಿರಿಯರು ತಮಗೆ ಅಥವಾ ಇತರರಿಗೆ ಹಾನಿ ಮಾಡಿಕೊಳ್ಳುವಷ್ಟು ಭೀತರಾಗಿದ್ದಾಗ ಮಾತ್ರ, ಅತ್ಯಲ್ಪ ಪ್ರಮಾಣದಲ್ಲಿ, ಅಲ್ಪಕಾಲಕ್ಕೆ ತಜ್ಞರು ಕೊಡಬಹುದು. ಒಬ್ಬರಿಗೆ ಬರೆದ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡುವುದು, ಹಳೆಯ ಚೀಟಿಯಿಂದ ತಿಂಗಳುಗಟ್ಟಲೆ ಮುಂದುವರಿಸುವುದು ಸರ್ವಥಾ ಸಲ್ಲದು.

ಮುಂದೆ ಬಾರದಂತೆ

ಸತ್ತ ನರಕೋಶಗಳನ್ನು ಮರಳಿ ತರಲಾಗದು. ಉಳಿದವುಗಳನ್ನು ಕಾಯಬಹುದು. 50 ವರ್ಷ ಮೀರಿದ, ರಕ್ತದೊತ್ತಡವಿದ್ದ 9,361 ಜನರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಮೇಲಿನ ಒತ್ತಡವನ್ನು 140ರ ಕೆಳಗೆ ಇರಿಸಿದವರಿಗಿಂತ 120ರ ಕೆಳಗೆ ಇರಿಸುವ ಗುರಿಯಿದ್ದವರಲ್ಲಿ ಬುದ್ಧಿಕ್ಷೀಣತೆಯ ಮೊದಲ ಹಂತ ಕಡಿಮೆ ಜನರಲ್ಲಿ ಕಂಡುಬಂದಿತು. ಆದರೆ ಸಕ್ಕರೆ ಕಾಯಿಲೆಯವರನ್ನೂ ಲಕ್ವ ಆಗಿದ್ದವರನ್ನೂ ಅದರಲ್ಲಿ ಸೇರಿಸಿರಲಿಲ್ಲ. ಅತಿವೃದ್ಧರಲ್ಲಿ ಒತ್ತಡ ತೀರ ಇಳಿದರೆ ಎದ್ದು ನಿಂತಾಗ ಬೀಳುವ ಭಯವಿದೆ. ಆದ್ದರಿಂದ ಗುರಿಯನ್ನು ವೈದ್ಯರೇ ನಿರ್ಣಯಿಸಲಿ. ಮಾತ್ರೆಯನ್ನು ‘ಈಗ ಸರಿಯಾಗಿದೆ’ ಎಂದು ನಿಲ್ಲಿಸದಿರುವುದು ನಮ್ಮ ಹೊಣೆ. ದಿನಕ್ಕೆ ಉಪ್ಪು 5 ಗ್ರಾಮಿಗಿಂತ ಕಡಿಮೆಯಿರಲೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿಗಳ ಉಪ್ಪೂ ಆ ಲೆಕ್ಕದೊಳಗೇ ಸೇರುತ್ತದೆ. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಆಯೋಗವು ಡಿಮೆನ್ಷಿಯಾವನ್ನು ಹೆಚ್ಚಿಸುವ, ಆದರೆ ನಾವು ತಡೆಯಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನಗಳೊಂದಿಗೆ ಚಿಕಿತ್ಸೆ ಪಡೆಯದ ದೃಷ್ಟಿಮಾಂದ್ಯವೂ ಆ ಪಟ್ಟಿಯಲ್ಲಿದೆ. ಮುಂದೂಡುತ್ತ ಬಂದ ಪೊರೆಯ ಶಸ್ತ್ರಚಿಕಿತ್ಸೆ ಕಣ್ಣಿಗೆ ಮಾತ್ರ ಸಂಬಂಧಿಸಿದ್ದಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಆರೈಕೆ ಮಾಡುವವರ ಆರೈಕೆ

ಇಂತಹ ಮನೆಗಳಲ್ಲಿ ರಾತ್ರಿ ಎಚ್ಚರವಿರುವವರು ಬಹುಪಾಲು ಸೊಸೆ, ಮಗಳು ಅಥವಾ ವೃದ್ಧ ಪತ್ನಿ. ಹಗಲೆಲ್ಲ ದುಡಿದು ಇರುಳೆಲ್ಲ ಕಾಯುವ ಅವರ ತಾಳ್ಮೆ ಒಂದು ದಿನ ಮುರಿದರೆ ಆಶ್ಚರ್ಯವಿಲ್ಲ. ಕಾವಲನ್ನು ಮನೆಯವರೆಲ್ಲ ಸರದಿಯಂತೆ ಹಂಚಿಕೊಳ್ಳಬೇಕು. ದೂರದ ಊರಿನಲ್ಲಿರುವ ಮಕ್ಕಳು ಫೋನಿನಲ್ಲಿ ಸಲಹೆ ಕೊಡುವುದರ ಜೊತೆಗೆ ವರ್ಷಕ್ಕೆ ಕೆಲವು ವಾರವಾದರೂ ಬಂದು ಹೊಣೆ ಹೊರಬೇಕು. ನೆರೆಯವರಿಗೆ ವಿಷಯ ತಿಳಿಸಿರಿ, ಬಚ್ಚಿಡಬೇಡಿ. ಹಿರಿಯರು ಬಾಗಿಲು ತೆರೆದು ಹೊರಟಾಗ ಮೊದಲು ನೋಡುವವರು ಅವರೇ. ಹಿರಿಯ ನಾಗರಿಕರ ಸಹಾಯವಾಣಿ 14567 ಕೂಡ ನೆರವಿಗಿದೆ.

ನೆನಪು ಕುಂದಿದವರು ಮನೆಗೆ ಹೊರೆಯಲ್ಲ. ಅವರು ಕಟ್ಟಿದ ಮನೆಯಲ್ಲಿಯೇ, ಅವರು ಸಾಕಿದ ಮಕ್ಕಳ ನಡುವೆಯೇ ಅವರಿಗೆ ಭಯ ಹುಟ್ಟಿದೆ. ಆ ಭಯಕ್ಕೆ ಕಾರಣವನ್ನು ಹುಡುಕುವುದು, ಹುಡುಕಿದ ಕಾರಣಕ್ಕೆ ಚಿಕಿತ್ಸೆ ಕೊಡಿಸುವುದು, ಚಿಕಿತ್ಸೆ ಸಿಗದಿದ್ದಲ್ಲಿ ಕೈ ಹಿಡಿದು ಪಕ್ಕದಲ್ಲಿ ಕೂರುವುದು ನಮ್ಮ ಕಾಯಕ. ಇಂದು ಸಂಜೆ ಮಬ್ಬು ಕವಿಯುವ ಮುನ್ನ ಮನೆಯ ಹಿರಿಯರ ಕೋಣೆಯೊಳಗೆ ಒಮ್ಮೆ ಹೋಗಿ, ಅವರು ಕೂರುವ ಜಾಗದಲ್ಲಿಯೇ ಕುಳಿತು, ಅಲ್ಲಿಂದ ಏನು ಕಾಣುತ್ತದೆಂದು ನೋಡಿರಿ.